ಬೆಳಗಿನ ಬಿಗಿತ: ರುಮಟಾಯ್ಡ್ ಸಂಧಿವಾತವನ್ನು ಗುರುತಿಸುವ, ನಿಭಾಯಿಸುವ ಬಗೆ

ಗಂಟುನೋವು ಎಂಬ ಒಂದೇ ಮಾತಿನೊಳಗೆ ನಮ್ಮ ಜನ ಹತ್ತಾರು ವ್ಯಾಧಿಗಳನ್ನು ಕಟ್ಟಿಡುತ್ತಾರೆ. ಮೊಣಕಾಲು ಸವೆದವರಿಗೂ ಗಂಟುನೋವು, ಚಿಕುನ್‌ಗುನ್ಯಾ ಬಂದು ಹೋದವರಿಗೂ ಗಂಟುನೋವು, ಯೂರಿಕ್ ಆಮ್ಲ ಹೆಚ್ಚಿ ಕಾಲಿನ ಹೆಬ್ಬೆರಳು ಬಾತವರಿಗೂ ಅದೇ ಹೆಸರು. ಕೊಲ್ಲೂರು ಸೀಮೆಯಲ್ಲಿ ಮಳೆಗಾಲ ಹಿಡಿದ ಮೇಲಂತೂ 'ವಾಯು' ಎಂಬ ಎರಡಕ್ಷರದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದುಕೊಂಡರಾಯಿತು, ನಾಲ್ಕು ದಿನ ನೋಡೋಣ ಎಂಬ ಸಮಾಧಾನ ಅನೇಕ ನೋವುಗಳಿಗೆ ಸಲ್ಲಬಹುದು. ಆದರೆ ರುಮಟಾಯ್ಡ್ ಸಂಧಿವಾತಕ್ಕೆ ಅದು ಸಲ್ಲದು. ಆರಂಭದ ಕೆಲವೇ ತಿಂಗಳುಗಳಲ್ಲಿ ಗುರುತಿಸಿ ತಕ್ಕ ಔಷಧವನ್ನು ಕೊಟ್ಟರೆ ಬಹುಪಾಲು ರೋಗಿಗಳ ಕೈಬೆರಳು ಕೆಲಸಕ್ಕೆ ಉಳಿಯುತ್ತದೆ. ವರುಷ ಎರಡು ವರುಷ ತಡೆದರೆ ಕೀಲಿನ ಮೂಳೆ ತಿಂದುಹೋಗಿ ಬೆರಳು ಓರೆಯಾಗುತ್ತದೆ. ಒಮ್ಮೆ ಹಾಗೆ ಆದ ಬೆರಳನ್ನು ಯಾವ ಮಾತ್ರೆಯೂ ನೆಟ್ಟಗೆ ಮಾಡಲಾರದು.

ಈ ವಿಷಯವನ್ನು ಕೊಲ್ಲೂರಿನ ಕಡೆಯ ಭಕ್ತರನ್ನು ಮುಂದಿಟ್ಟುಕೊಂಡು ಬರೆಯುವುದಕ್ಕೆ ಕಾರಣವುಂಟು. ಕೆಳದಿ ಅರಸರ ಕಾಲದಿಂದಲೂ ಘಟ್ಟದ ಮೇಲಿನ ವೀರಶೈವ ಮನೆತನಗಳಿಗೂ ಕೊಲ್ಲೂರಿಗೂ ನಂಟು ಹಳೆಯದು. ಇಂದಿಗೂ ನಗರ, ಹೊಸನಗರಗಳ ಕಡೆಯಿಂದ ನಾಗೋಡಿ ಘಾಟಿಯನ್ನು ಇಳಿದು ಬರುವವರು ಬಹಳ. ಕೆಳಗೆ ಬೈಂದೂರು, ಕುಂದಾಪುರ, ಬ್ರಹ್ಮಾವರದ ಹಳ್ಳಿಗಳಲ್ಲಿ ಕೈಬೆರಳೇ ಬದುಕಿನ ಬಂಡವಾಳ. ಬೀಡಿ ಕಟ್ಟುವುದು, ಮಲ್ಲಿಗೆ ಹೆಣೆಯುವುದು, ನಾಟಿ ನೆಡುವುದು, ಬಾವಿಯಿಂದ ನೀರು ಸೇದುವುದು, ಯಾತ್ರಿಕರ ವಸತಿಗೃಹಗಳಲ್ಲಿ ಬಟ್ಟೆ ಒಗೆದು ಹಿಂಡುವುದು: ಇವೆಲ್ಲವೂ ಹೆಚ್ಚಾಗಿ ಹೆಣ್ಣುಮಕ್ಕಳ ಕಾಯಕ. ಈ ವ್ಯಾಧಿಯೂ ಗಂಡಸರಿಗಿಂತ ಹೆಂಗಸರಲ್ಲಿಯೇ ಎರಡು ಮೂರು ಪಟ್ಟು ಹೆಚ್ಚು; ಅದೂ 30ರಿಂದ 60ರ ನಡುವಿನ ದುಡಿಯುವ ಪ್ರಾಯದಲ್ಲಿ. ಮುದುಕರ ಕಾಯಿಲೆಯೆಂದು ಇದನ್ನು ಬದಿಗಿಡುವವರು ಈ ಮಾತನ್ನು ಗಮನಿಸಬೇಕು.

ಕೀಲಿನ ಒಳಗೆ ಎರಡು ಮೂಳೆಗಳು ಸೇರುವ ಜಾಗವನ್ನು ಸುತ್ತುವರಿದು ಒಂದು ತೆಳುವಾದ ಪೊರೆಯಿದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಹಾಗೆ, ಈ ಪೊರೆ ಸ್ರವಿಸುವ ದ್ರವ ಕೀಲಿಗೆ ಜಾರುವಿಕೆಯನ್ನು ಕೊಡುತ್ತದೆ. ಹೊರಗಿನಿಂದ ಬರುವ ರೋಗಾಣುಗಳನ್ನು ಹೊಡೆದೋಡಿಸಬೇಕಾದ ನಮ್ಮ ರಕ್ಷಣಾವ್ಯವಸ್ಥೆಯು ದಿಕ್ಕು ತಪ್ಪಿ ಈ ಪೊರೆಯನ್ನೇ ಪರಕೀಯವೆಂದು ಭಾವಿಸಿ ಮೇಲೆ ಬೀಳುವುದು ರುಮಟಾಯ್ಡ್ ಸಂಧಿವಾತ. ಪೊರೆ ಉರಿಯೂತದಿಂದ ಊದಿಕೊಂಡು ದಪ್ಪಗಾಗುತ್ತದೆ, ಬಳಿಕ ಮೃದ್ವಸ್ಥಿಯನ್ನೂ ಮೂಳೆಯ ಅಂಚನ್ನೂ ಕೊರೆಯತೊಡಗುತ್ತದೆ. ಆದುದರಿಂದ ಇದು ಸವೆತದ ರೋಗವಲ್ಲ, ಉರಿಯ ರೋಗ. ಈ ಭೇದ ತಿಳಿದರೆ ಲಕ್ಷಣಗಳು ತಾವಾಗಿ ಅರ್ಥವಾಗುತ್ತವೆ.

ಏಕೆ ಹೀಗಾಗುತ್ತದೆ ಎಂಬುದಕ್ಕೆ ಒಂದೇ ಕಾರಣವಿಲ್ಲ. ಮನೆತನದಲ್ಲಿ ಇದ್ದರೆ ಸಂಭವ ಸ್ವಲ್ಪ ಹೆಚ್ಚು, ಹಾಗೆಂದು ತಾಯಿಗೆ ಇದ್ದುದು ಮಗಳಿಗೆ ಬಂದೇ ತೀರುವುದೆಂದೇನೂ ಇಲ್ಲ. ಧೂಮಪಾನ ಖಚಿತವಾಗಿ ಅಪಾಯವನ್ನು ಹೆಚ್ಚಿಸುತ್ತದೆ, ರೋಗ ಬಂದವರಲ್ಲಿ ಅದನ್ನು ಉಲ್ಬಣಿಸುತ್ತದೆ, ಔಷಧದ ಫಲವನ್ನೂ ಕುಗ್ಗಿಸುತ್ತದೆ. ಬೀಡಿ ಸೇದುವ ಮಾತು ಇದು. ಕಟ್ಟುವ ಕಾಯಕವಾದರೋ ನೋಯುವ ಬೆರಳನ್ನು ಮತ್ತಷ್ಟು ದಣಿಸುತ್ತದೆ. ಇನ್ನು ಮಳೆ. ಆಷಾಢದ ಥಂಡಿಯಲ್ಲಿ ನೋವು ಹೆಚ್ಚಿದಂತೆ ಅನೇಕರಿಗೆ ಅನುಭವವಾಗುವುದು ಸುಳ್ಳಲ್ಲ. ಆದರೆ ಮಳೆಯಿಂದ ಈ ರೋಗ ಹುಟ್ಟುವುದಿಲ್ಲ. ಮರಳುಗಾಡಿನವರಿಗೂ ಇದು ಬರುತ್ತದೆ. 'ಮಳೆಗಾಲ ಮುಗಿಯಲಿ, ಸರಿಹೋಗುತ್ತದೆ' ಎಂದು ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾಯುವುದರಲ್ಲಿ ಅಮೂಲ್ಯವಾದ ಅವಧಿಯೇ ಕಳೆದುಹೋಗುತ್ತದೆ.

ಬಾಣಂತಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಗರ್ಭಿಣಿಯಾಗಿರುವಾಗ ಈ ರೋಗ ತಣ್ಣಗಾಗುವುದೂ ಹೆರಿಗೆಯ ಬಳಿಕ ಕೆರಳುವುದೂ ವೈದ್ಯರು ಬಹುಕಾಲದಿಂದ ಕಂಡ ಸಂಗತಿ. ಹೆರಿಗೆಯಾದ ಕೆಲವು ತಿಂಗಳಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವುದೂ ಉಂಟು. ಆಗ ಮನೆಯ ಹಿರಿಯರು 'ಬಾಣಂತನ ಸರಿಯಾಗಲಿಲ್ಲ, ತಣ್ಣೀರು ಮುಟ್ಟಿದಳು' ಎಂದು ಸೊಸೆಯನ್ನೇ ದೂರುತ್ತಾರೆ. ಮಗುವನ್ನು ಎತ್ತಿಕೊಳ್ಳಲು ಮಣಿಕಟ್ಟು ಏಳದ ತಾಯಿಗೆ ಬೇಕಾದುದು ವೈದ್ಯರ ಪರೀಕ್ಷೆ, ದೂರಲ್ಲ.

ಲಕ್ಷಣಗಳು

ಮೊದಲ ಲಕ್ಷಣ ಬೆಳಗಿನ ಬಿಗಿತ. ಕುಂದಾಪುರದ ಕಡೆಯ ತಾಯಂದಿರು 'ಬೆಳಿಗ್ಗೆ ಎದ್ರೆ ಕೈ ಮಡ್ಸುಕೆ ಆತಿಲ್ಲೆ' ಎನ್ನುವುದು ಇದನ್ನೇ. ಮೂಳೆ ಸವೆದವರಿಗೂ ಬೆಳಗ್ಗೆ ಬಿಗಿತ ಇರುತ್ತದೆ, ಆದರೆ ಅದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ರುಮಟಾಯ್ಡ್ ಸಂಧಿವಾತದ ಬಿಗಿತ ಒಂದು ಗಂಟೆ, ಕೆಲವರಿಗೆ ಮಧ್ಯಾಹ್ನದವರೆಗೂ ಬಿಡದು. ಮತ್ತೊಂದು ವ್ಯತ್ಯಾಸ: ಸವೆದ ಕೀಲು ಕೆಲಸ ಮಾಡಿದಷ್ಟೂ ನೋಯುತ್ತದೆ, ಕುಳಿತರೆ ಹಾಯೆನಿಸುತ್ತದೆ, ಉರಿಯುವ ಕೀಲು ವಿಶ್ರಾಂತಿಯ ಬಳಿಕವೇ ಹೆಚ್ಚು ಬಿಗಿದು, ಆಡಿಸಿದಂತೆ ಸಡಿಲಗೊಳ್ಳುತ್ತದೆ. ನಮ್ಮ ಭಕ್ತರಿಗೆ ಇದು ಮುಂಜಾನೆಯ ಪೂಜೆಯಲ್ಲಿಯೇ ಗೊತ್ತಾಗುವುದುಂಟು. ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿಕೊಂಡಾಗ ಬೆರಳುಗಳು ಮೊದಲಿನಂತೆ ಬಾಗಿ ಆಸರೆ ಕೊಡವು. ಹಣೆಗೆ ಭಸ್ಮ ಧರಿಸುವಾಗ ಮೂರು ಬೆರಳು ಒಂದಾಗಿ ನಿಲ್ಲವು. ಇಂತಹ ಅನುಭವ ಒಂದೆರಡು ದಿನದ್ದಾದರೆ ಚಿಂತೆಯಿಲ್ಲ. ಆರು ವಾರ ಮೀರಿದರೆ ಚಿಂತಿಸಲೇಬೇಕು.

ಯಾವ ಕೀಲು ಎಂಬುದೂ ಮುಖ್ಯ. ಬೆರಳಿನ ಬುಡದ ಗೆಣ್ಣು, ನಡುಗೆಣ್ಣು, ಮಣಿಕಟ್ಟು, ಕಾಲ್ಬೆರಳುಗಳ ಬುಡ: ಇವು ಈ ರೋಗದ ಮೊದಲ ಮನೆಗಳು. ಬೆರಳ ತುದಿಯ ಗೆಣ್ಣನ್ನು ಇದು ಸಾಮಾನ್ಯವಾಗಿ ಮುಟ್ಟುವುದಿಲ್ಲ; ತುದಿಗೆಣ್ಣು ಮಾತ್ರ ಗಟ್ಟಿಯಾಗಿ ಉಬ್ಬಿದ್ದರೆ ಅದು ಹೆಚ್ಚಾಗಿ ಸವೆತದ ಗುರುತು. ಬಲಗೈಯಲ್ಲಿ ಕಂಡದ್ದು ಎಡಗೈಯಲ್ಲಿಯೂ ಕಾಣಿಸಿಕೊಳ್ಳುವುದು, ಹೀಗೆ ಎರಡೂ ಬದಿ ಜೋಡಿಯಾಗಿ ನಡೆಯುವುದು ಇದರ ಸ್ವಭಾವ. ಊತವನ್ನು ಒತ್ತಿದರೆ ಮೂಳೆಯಂತೆ ಗಟ್ಟಿಯಾಗಿರದೆ ಹಿಟ್ಟಿನ ಮುದ್ದೆಯಂತೆ ಮೆತ್ತಗಿರುತ್ತದೆ. ಮನೆಯಲ್ಲಿಯೇ ಮಾಡಬಹುದಾದ ಒಂದು ಸರಳ ಪರೀಕ್ಷೆಯಿದೆ. ಇನ್ನೊಬ್ಬರು ನಿಮ್ಮ ಕೈಯನ್ನು, ಬಳೆ ತೊಡಿಸುವಾಗ ಹಿಡಿಯುವಂತೆ, ಬೆರಳ ಬುಡದ ಅಡ್ಡಕ್ಕೆ ಹಿಡಿದು ಮೆಲ್ಲಗೆ ಒತ್ತಲಿ. ಆರೋಗ್ಯವಂತರಿಗೆ ಏನೂ ಆಗದ ಆ ಒತ್ತಿಗೆ ಪ್ರಾಣ ಹೋದಂತೆ ನೋವಾದರೆ ವೈದ್ಯರನ್ನು ಕಾಣಲು ಅದೊಂದೇ ಸಾಕು. ತೊಡುತ್ತಿದ್ದ ಉಂಗುರ ಬಿಗಿಯಾಗುವುದು, ಬರಿಗಾಲಲ್ಲಿ ನಡೆದರೆ ಪಾದದ ಕೆಳಗೆ ಕಲ್ಲು ಸಿಕ್ಕಂತೆ ಆಗುವುದು, ಇವೂ ಸೂಚನೆಗಳೇ.

ಇದು ಕೀಲಿಗಷ್ಟೇ ಸೀಮಿತವಾದ ವ್ಯಾಧಿಯಲ್ಲ. ಮೈ ಭಾರ, ಕಾರಣವಿಲ್ಲದ ಆಯಾಸ, ಸಂಜೆಯ ಸಣ್ಣ ಜ್ವರ, ಊಟ ಸೇರದಿರುವುದು, ತೂಕ ಇಳಿಯುವುದು, ರಕ್ತಹೀನತೆ ಜೊತೆಗೂಡುತ್ತವೆ. ಕಣ್ಣು ಬಾಯಿ ಒಣಗುವುದುಂಟು. ಕೆಲವರಿಗೆ ಮೊಣಕೈಯ ಹಿಂಬದಿ ನೋವಿಲ್ಲದ ಗಂಟುಗಳು ಏಳುತ್ತವೆ. ವರುಷಗಟ್ಟಲೆ ಉರಿಯೂತ ಉಳಿದವರಲ್ಲಿ ಹೃದಯದ ಕಾಯಿಲೆಯ ಅಪಾಯವೂ ಹೆಚ್ಚು. 'ಕೆಲಸಕ್ಕೆ ಸೋಮಾರಿತನ' ಎಂದು ಮನೆಯವರು ಆಡುವ ಮಾತಿನ ಹಿಂದೆ ಎಷ್ಟೋ ಬಾರಿ ಈ ಆಯಾಸವಿರುತ್ತದೆ.

ಇದನ್ನೇ ಹೋಲುವ ಬೇರೆ ಕಾಯಿಲೆಗಳಿವೆ. ನಮ್ಮ ಕರಾವಳಿಯಲ್ಲಿ 2008ರ ಸುಮಾರಿಗೆ ಚಿಕುನ್‌ಗುನ್ಯಾ ಹಳ್ಳಿಹಳ್ಳಿಗೆ ಹಬ್ಬಿದುದು ಅನೇಕರ ನೆನಪಿನಲ್ಲಿದೆ. ಆ ಜ್ವರ ಬಿಟ್ಟ ಮೇಲೂ ಕೈಕಾಲಿನ ಸಣ್ಣ ಕೀಲುಗಳು ಎರಡೂ ಬದಿ ಊದಿ, ಬೆಳಗ್ಗೆ ಬಿಗಿದು, ತಿಂಗಳುಗಟ್ಟಲೆ ಕಾಡುತ್ತವೆ. ನೋಡಿದರೆ ರುಮಟಾಯ್ಡ್ ಸಂಧಿವಾತದ ಪ್ರತಿರೂಪ. ಬಹುತೇಕ ಮಂದಿಗೆ ಅದು ಕ್ರಮೇಣ ಇಳಿಯುತ್ತದೆ; ಮೂರು ತಿಂಗಳಾದರೂ ಇಳಿಯದಿದ್ದರೆ ರಕ್ತಪರೀಕ್ಷೆ ಮಾಡಿಸಿ ಬೇರ್ಪಡಿಸಿ ನೋಡಬೇಕು. ಘಟ್ಟದ ಮೇಲಿನವರು ಮತ್ತೊಂದು ಹೆಸರನ್ನು ಕೇಳಿರುತ್ತಾರೆ: ಹಂದಿಗೋಡು ಕಾಯಿಲೆ. ಸಾಗರ ತಾಲೂಕಿನ ಹಂದಿಗೋಡು ಗ್ರಾಮದಲ್ಲಿ 1975ರ ಹೊತ್ತಿಗೆ ಬೆಳಕಿಗೆ ಬಂದ ಅದು ಸೊಂಟದ ಕೀಲನ್ನು ಮುಖ್ಯವಾಗಿ ಕೆಡಿಸುವ, ವಂಶದಲ್ಲಿ ಹರಿದುಬರುವ ಮೂಳೆಯ ಬೆಳವಣಿಗೆಯ ದೋಷ. ಗದ್ದೆಯ ಏಡಿ ತಿಂದುದರಿಂದ, ಕೀಟನಾಶಕದಿಂದ ಬಂತೆಂದು ಆರಂಭದಲ್ಲಿ ಶಂಕಿಸಲಾಗಿತ್ತು. ಅನುವಂಶೀಯವೆಂದು ಬಳಿಕ ತಿಳಿಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಘಟ್ಟದ ಸೀಮೆಯಲ್ಲಿ ಕೀಲುನೋವು ಎಂದೊಡನೆ ಆ ಹೆಸರಿಗೆ ಹೆದರಿ ಮಗಳ ಕಾಯಿಲೆಯನ್ನು ಮುಚ್ಚಿಡುವವರು ಈ ಮಾತನ್ನು ತಿಳಿದಿರಲೆಂದು ಬರೆದೆವು.

ಆಯುರ್ವೇದದಲ್ಲಿ ಇದಕ್ಕೆ ಹತ್ತಿರವಾದ ವರ್ಣನೆ ಮಾಧವ ನಿದಾನದ ಆಮವಾತ ಪ್ರಕರಣದಲ್ಲಿದೆ. ಪಶ್ಚಿಮದಲ್ಲಿ ಇಂದಿನ ಹೆಸರನ್ನು ಇಟ್ಟವನು ಇಂಗ್ಲೆಂಡಿನ ವೈದ್ಯ ಆಲ್ಫ್ರೆಡ್ ಗ್ಯಾರಡ್, 1859ರಲ್ಲಿ. ಗೌಟ್ ಬೇರೆ, ಇದು ಬೇರೆ ಎಂದು ಸ್ಪಷ್ಟಪಡಿಸುವುದೇ ಅವನ ಉದ್ದೇಶವಾಗಿತ್ತು.

ಪರೀಕ್ಷೆಯ ಕಾಗದವನ್ನು ಓದುವ ಮುನ್ನ

ರಕ್ತದಲ್ಲಿ 'ಆರ್.ಎ. ಫ್ಯಾಕ್ಟರ್ ಪಾಸಿಟಿವ್' ಎಂದು ಬಂದೊಡನೆ ಕಣ್ಣೀರಿಡುವವರೂ, 'ನೆಗೆಟಿವ್' ಎಂದು ಬಂದೊಡನೆ ಔಷಧ ಬಿಡುವವರೂ ಇದ್ದಾರೆ. ಎರಡೂ ಆತುರ. ರೋಗವಿರುವ ನೂರರಲ್ಲಿ ಇಪ್ಪತ್ತು ಮೂವತ್ತು ಮಂದಿಗೆ ಈ ಪರೀಕ್ಷೆ ನೆಗೆಟಿವ್ ಇರುತ್ತದೆ. ರೋಗವೇ ಇಲ್ಲದ ವೃದ್ಧರಲ್ಲಿ, ಕೆಲವು ದೀರ್ಘಕಾಲದ ಸೋಂಕಿನವರಲ್ಲಿ ಪಾಸಿಟಿವ್ ಬರಬಹುದು. ಆ್ಯಂಟಿ ಸಿ.ಸಿ.ಪಿ. ಎಂಬ ಪರೀಕ್ಷೆ ಇದಕ್ಕಿಂತ ನಿಖರ. ಇ.ಎಸ್.ಆರ್., ಸಿ.ಆರ್.ಪಿ.ಗಳು ದೇಹದಲ್ಲಿ ಉರಿಯೂತ ಎಷ್ಟಿದೆಯೆಂದು ತೋರುತ್ತವೆಯೇ ಹೊರತು ಅದರ ಕಾರಣವನ್ನಲ್ಲ. ಆರಂಭದಲ್ಲಿ ಎಕ್ಸ್‌ರೇ ಸಹಜವಾಗಿಯೇ ಕಾಣಬಹುದು. ಕೀಲುಗಳನ್ನು ಮುಟ್ಟಿ ನೋಡಿದ ವೈದ್ಯರ ಕೈಯೇ ಇಲ್ಲಿ ಮುಖ್ಯ ಸಾಕ್ಷಿ. ಕುಂದಾಪುರದ ತಾಲೂಕು ಆಸ್ಪತ್ರೆಯಲ್ಲಿಯೋ ಊರಿನ ವೈದ್ಯರಲ್ಲಿಯೋ ಮೊದಲು ತೋರಿಸಿ, ಸಂಶಯವಿದ್ದರೆ ಮಣಿಪಾಲದಂತಹ ಕಡೆ ಸಂಧಿವಾತ ತಜ್ಞರನ್ನು ಕಾಣುವುದು ಸರಿಯಾದ ಕ್ರಮ.

ಔಷಧದ ಮಾತು

ನೋವು ನಿವಾರಕ ಮಾತ್ರೆಯೂ ರೋಗವನ್ನು ತಡೆಯುವ ಮಾತ್ರೆಯೂ ಒಂದೇ ಅಲ್ಲ. ಈ ಒಂದು ವಾಕ್ಯ ಮನೆಮನೆಗೆ ತಲಪಿದರೂ ಈ ಲೇಖನ ಸಾರ್ಥಕ. ಅಂಗಡಿಯಿಂದ ತಂದ ನೋವಿನ ಮಾತ್ರೆ ಆ ಹೊತ್ತಿನ ನೋವನ್ನು ಇಳಿಸುತ್ತದೆ, ಮೂಳೆ ಕೊರೆಯುವುದನ್ನು ನಿಲ್ಲಿಸುವುದಿಲ್ಲ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ. ಸೋಮವಾರದ ಉಪವಾಸದಂದು ಬರಿಹೊಟ್ಟೆಯಲ್ಲಿ ಇದನ್ನು ನುಂಗುವ ರೂಢಿಯಂತೂ ಖಂಡಿತ ಬೇಡ. ಮಲ ಕಪ್ಪಾದರೆ ಅದು ಹೊಟ್ಟೆಯೊಳಗಿನ ರಕ್ತಸ್ರಾವದ ಗುರುತು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ರೋಗವನ್ನೇ ತಡೆಯುವ ಔಷಧಗಳಲ್ಲಿ ಮೊದಲನೆಯದು ಮೆಥೊಟ್ರೆಕ್ಸೇಟ್. ಇದರ ಹುಟ್ಟಿನಲ್ಲಿ ನಮ್ಮ ದೇಶದವರ ಕೈಯಿದೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಮುನ್ನಡೆಸಿದ ಸಂಶೋಧನೆಯಿಂದ ಈ ಬಗೆಯ ಔಷಧಗಳು ಬಂದವು. ಮೊದಲು ರಕ್ತದ ಕ್ಯಾನ್ಸರಿಗೆಂದು ಬಳಕೆಯಾದುದು ಬಹು ಕಡಿಮೆ ಪ್ರಮಾಣದಲ್ಲಿ ಸಂಧಿವಾತಕ್ಕೆ ಒದಗಿ, 1988ರಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ ಅನುಮತಿ ಪಡೆಯಿತು. 'ಇದು ಕ್ಯಾನ್ಸರ್ ಮಾತ್ರೆಯಂತೆ' ಎಂದು ಯಾರೋ ಹೇಳಿದ್ದನ್ನು ಕೇಳಿ ಬೆದರಿ ಬಿಟ್ಟುಬಿಡುವವರಿಗೆ ಈ ಹಿನ್ನೆಲೆ ತಿಳಿದಿರಲಿ. ಬೆಲೆಯೂ ಹೆಚ್ಚಿನದಲ್ಲ.

ಆದರೆ ಇದನ್ನು ತೆಗೆದುಕೊಳ್ಳುವ ರೀತಿ ಬೇರೆ ಮಾತ್ರೆಗಳಂತಲ್ಲ. ವಾರಕ್ಕೆ ಒಂದು ದಿನ ಮಾತ್ರ. ಪ್ರತಿದಿನ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು, ಪ್ರಾಣಕ್ಕೇ ಎರವಾಗಬಹುದು; ಹಾಗೆ ಆದ ಮರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಜೊತೆಗೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯೂ ಇದೂ ಎರಡೂ ಹಳದಿ ಬಣ್ಣದ ಸಣ್ಣ ಮಾತ್ರೆಗಳಾಗಿರುವುದುಂಟು, ಅಕ್ಷರ ಬಾರದ ಹಿರಿಯರು ಒಂದಕ್ಕೊಂದು ಅದಲುಬದಲು ಮಾಡಿಕೊಳ್ಳುವುದು ಸುಲಭ. ಇದೇ ಮಾತ್ರೆ ಅಂಗಡಿಯಲ್ಲಿ 2.5 ಮಿಲಿಗ್ರಾಂ, 5, 7.5, 10 ಎಂದು ಬೇರೆ ಬೇರೆ ಬಲದಲ್ಲಿ ಸಿಗುತ್ತದೆ. 'ಮೂರು ಮಾತ್ರೆ' ಎಂದು ನೆನಪಿಟ್ಟರೆ ಸಾಲದು, ಎಷ್ಟು ಮಿಲಿಗ್ರಾಂ ಎಂಬುದನ್ನು ಪ್ರತಿ ಸಲ ಹಾಳೆ ನೋಡಿ ಕೇಳಬೇಕು. ಮೆಥೊಟ್ರೆಕ್ಸೇಟನ್ನು ಬೇರೆ ಡಬ್ಬಿಯಲ್ಲಿಟ್ಟು, ಗೋಡೆಯ ಕ್ಯಾಲೆಂಡರಿನಲ್ಲಿ ವಾರದ ಆ ದಿನಕ್ಕೆ ಗುರುತು ಹಾಕಿ, ಮನೆಯ ಮತ್ತೊಬ್ಬರ ಎದುರಿನಲ್ಲಿ ನುಂಗುವುದು ಕ್ಷೇಮ. ಉಪವಾಸ ಮಾಡುವವರು ಸೋಮವಾರವನ್ನು ಬಿಟ್ಟು ಬೇರೆ ದಿನವನ್ನು ಗೊತ್ತುಮಾಡಿಕೊಳ್ಳಲಿ.

ಇನ್ನೊಂದು ಮಾತು. ಇದರ ಗುಣ ತಿಳಿಯಲು ಆರರಿಂದ ಹನ್ನೆರಡು ವಾರ ಬೇಕು. ಮೂರನೆಯ ವಾರಕ್ಕೆ 'ಏನೂ ಪ್ರಯೋಜನವಿಲ್ಲ' ಎಂದು ಬಿಡುವವರೇ ಹೆಚ್ಚು, ಮತ್ತು ನಾವು ಕಂಡಂತೆ ಬೆರಳು ಕಳೆದುಕೊಳ್ಳುವವರೂ ಹೆಚ್ಚಾಗಿ ಅವರೇ. ರಕ್ತಕಣ, ಯಕೃತ್ತುಗಳ ಪರೀಕ್ಷೆಯನ್ನು ಮೊದಲಲ್ಲಿ ಕೆಲವು ವಾರಕ್ಕೊಮ್ಮೆ, ಬಳಿಕ ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. ಮದ್ಯ ಕೂಡದು. ಗರ್ಭದಲ್ಲಿರುವ ಶಿಶುವಿಗೆ ಇದು ಹಾನಿಕರ; ಮಗು ಬೇಕೆನ್ನುವ ದಂಪತಿಗಳು ಮುಂಚಿತವಾಗಿ ವೈದ್ಯರಿಗೆ ಹೇಳಿದರೆ ತಿಂಗಳುಗಳ ಮೊದಲೇ ನಿಲ್ಲಿಸಿ ಬೇರೆ ಔಷಧ ಕೊಡುತ್ತಾರೆ. ಹೊಸದಾಗಿ ಒಣಕೆಮ್ಮು, ಏದುಸಿರು ಬಂದರೂ ತಿಳಿಸಬೇಕು.

ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೈನ್, ಲೆಫ್ಲುನೊಮೈಡ್ ಎಂಬವನ್ನು ಒಂಟಿಯಾಗಿಯೋ ಜೊತೆಯಾಗಿಯೋ ಕೊಡುವುದುಂಟು. ಮೊದಲನೆಯದಕ್ಕೆ ಕಣ್ಣಿನ ಪರೀಕ್ಷೆ ಬೇಕು. ಇವುಗಳಿಗೂ ಬಗ್ಗದಿದ್ದರೆ 'ಬಯಾಲಜಿಕ್' ಎಂಬ ದುಬಾರಿ ಚುಚ್ಚುಮದ್ದುಗಳಿವೆ, ಆದರೆ ಅವನ್ನು ಆರಂಭಿಸುವ ಮುನ್ನ ಕ್ಷಯರೋಗ ಅಡಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಸ್ಟಿರಾಯ್ಡ್ ವಿಷಯದಲ್ಲಿ ನಮ್ಮ ಜನರಲ್ಲಿ ಅತಿಭಯವೂ ಅತಿಮೋಹವೂ ಎರಡೂ ಇವೆ. ಅಮೆರಿಕದ ಫಿಲಿಪ್ ಹೆಂಚ್ ಎಂಬ ವೈದ್ಯ 1948ರಲ್ಲಿ ಹಾಸಿಗೆ ಹಿಡಿದ ರೋಗಿಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಅವನಿಗೂ ಅವನ ಜೊತೆಯವರಿಗೂ ನೊಬೆಲ್ ಪ್ರಶಸ್ತಿ ಬಂತು. ಆದರೆ ಹೆಚ್ಚು ದಿನ ಕೊಟ್ಟಾಗ ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು ಬೇಗನೆ ತಿಳಿಯಿತು. ಮುಖ್ಯ ಔಷಧ ಹಿಡಿಯುವವರೆಗೆ ಕೆಲವು ವಾರ ಸೇತುವೆಯಂತೆ ಸಣ್ಣ ಪ್ರಮಾಣದಲ್ಲಿ ಕೊಡುವುದು ಇಂದಿನ ಪದ್ಧತಿ. ತಾವಾಗಿ ಮುಂದುವರಿಸುವುದೂ ತಪ್ಪು, ಬಹುದಿನ ತೆಗೆದುಕೊಂಡುದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಜಾತ್ರೆಯ ಬೀದಿಯಲ್ಲಿ, ಬಸ್ ನಿಲ್ದಾಣದಲ್ಲಿ ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ 'ವಾಯುಪುಡಿ' ಮೂರೇ ದಿನದಲ್ಲಿ ನೋವನ್ನು ಮಾಯ ಮಾಡಿದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರುವ ಶಂಕೆ ಇಡಬೇಕು. ನೋಂದಾಯಿತ ಆಯುರ್ವೇದ ವೈದ್ಯರಲ್ಲಿ ಚಿಕಿತ್ಸೆ ಪಡೆಯುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಎರಡೂ ಕಡೆಯ ವೈದ್ಯರಿಗೆ ಎರಡೂ ಔಷಧಗಳನ್ನು ತೋರಿಸಬೇಕು, ಅಷ್ಟೆ.

ದಿನಚರಿ

ನಮ್ಮ ಕರಾವಳಿ ಮಲೆನಾಡುಗಳ ಮನೆಗಳಲ್ಲಿ ಬಚ್ಚಲ ಹಂಡೆಯ ಬಿಸಿನೀರು ಮುಂಜಾನೆಯೇ ಸಿದ್ಧವಿರುತ್ತದೆ. ಹದ ಬಿಸಿಯ ನೀರಿನಲ್ಲಿ ಹತ್ತು ನಿಮಿಷ ಕೈಯದ್ದಿ, ನೀರೊಳಗೇ ಬೆರಳುಗಳನ್ನು ಮೆಲ್ಲಗೆ ಮಡಿಸಿ ಬಿಡಿಸಿದರೆ ಬಿಗಿತ ಬೇಗ ಸಡಿಲುತ್ತದೆ. ಇದಾದ ಮೇಲೆ ಪೂಜೆಗೆ ಕುಳಿತರೆ ಅಂಗೈ ಸ್ಥಿರವಾಗಿ ನಿಲ್ಲುತ್ತದೆ. ಎಡ ಮೊಣಕೈಯ ಕೆಳಗೆ ದಿಂಬು ಇರಿಸಿಕೊಳ್ಳಬಹುದು. ನೆಲದ ಮೇಲೆ ಪದ್ಮಾಸನ ಆಗದವರು ಕುರ್ಚಿಯ ಮೇಲೆ ಕೂರಬಹುದೇ ಎಂದು ತಮ್ಮ ಗುರುಗಳನ್ನು ಕೇಳಿದರೆ ಬೇಡವೆನ್ನುವವರು ವಿರಳ. ಕೆಂಪಾಗಿ ಬಿಸಿಯೇರಿ ಊದಿದ ಕೀಲನ್ನು ಮಾತ್ರ ಬಲವಾಗಿ ತಿಕ್ಕಬಾರದು, ಅಂತಹ ದಿನಗಳಲ್ಲಿ ತಣ್ಣನೆಯ ಬಟ್ಟೆಯೇ ಹಿತ. ಹಾಗೆಂದು ವಾರಗಟ್ಟಲೆ ಅಲುಗಾಡಿಸದೆ ಇಟ್ಟರೆ ಕೀಲು ಅಲ್ಲಿಯೇ ಕಟ್ಟಿಕೊಳ್ಳುತ್ತದೆ. ದಿನಕ್ಕೆ ಒಂದೆರಡು ಬಾರಿಯಾದರೂ ಪ್ರತಿ ಕೀಲನ್ನು ಅದು ಹೋಗುವಷ್ಟು ದೂರ ಒಯ್ದು ತರಬೇಕು.

ಕೆಲಸವನ್ನು ಬಿಡಬೇಕಾಗಿಲ್ಲ, ಭಾರವನ್ನು ಸಣ್ಣ ಕೀಲಿನಿಂದ ದೊಡ್ಡ ಕೀಲಿಗೆ ದಾಟಿಸಬೇಕು. ಚೀಲವನ್ನು ಬೆರಳಿಗೆ ತೂಗುಹಾಕುವ ಬದಲು ಮೊಣಕೈಗೆ ಹಾಕಿಕೊಳ್ಳಬೇಕು. ಪಾತ್ರೆಯನ್ನು ಕಿವಿ ಹಿಡಿದು ಎತ್ತದೆ ಎರಡೂ ಅಂಗೈಗಳಿಂದ ಎತ್ತಬೇಕು. ಕತ್ತಿ, ಸೌಟುಗಳ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಬೆರಳು ಅಷ್ಟು ಬಿಗಿಯಬೇಕಾಗದು. ಬಟ್ಟೆ ಹಿಂಡುವುದು, ಬಾವಿಯ ಹಗ್ಗ ಎಳೆಯುವುದು, ತೆಂಗಿನಕಾಯಿ ಹೆರೆಯುವುದು ಬೆರಳನ್ನು ಕಿರುಬೆರಳ ಕಡೆಗೆ ಓರೆ ಮಾಡುವ ಕೆಲಸಗಳು. ಇವನ್ನಾದರೂ ಗಂಡಸರು ವಹಿಸಿಕೊಳ್ಳಲಿ. ಬೀಡಿ ಕಟ್ಟುವವರೂ ಹೂ ಹೆಣೆಯುವವರೂ ಅರ್ಧ ಗಂಟೆಗೊಮ್ಮೆ ಕೈ ಬಿಟ್ಟು ಬೆರಳು ಚಾಚಬೇಕು.

ಆಹಾರದ ವಿಚಾರದಲ್ಲಿ ಆಲೂಗಡ್ಡೆ, ಬದನೆ, ಮೊಸರು ಎಂದು ಪಟ್ಟಿ ಮಾಡಿ ಒಂದೊಂದನ್ನೇ ಬಿಡಿಸುತ್ತಾ ಕೊನೆಗೆ ಗಂಜಿಯೊಂದೇ ಉಳಿಸಿದವರನ್ನು ಕಂಡಿದ್ದೇವೆ. ಈ ರೋಗವನ್ನು ತರುವ ಅಥವಾ ಕಳೆಯುವ ಒಂದು ಪದಾರ್ಥವಿಲ್ಲ. ಸಸ್ಯಾಹಾರಿಗಳಾದ ನಮಗೆ ಹೆಸರು, ಹುರುಳಿ, ಹಾಲು, ರಾಗಿ, ಎಳ್ಳು, ಸೊಪ್ಪು ಇವೇ ಮಾಂಸಖಂಡಕ್ಕೂ ಮೂಳೆಗೂ ಆಧಾರ. ಬಿ12, ಡಿ ಜೀವಸತ್ವಗಳ ಕೊರತೆ ಇದೆಯೇ ಎಂದು ಒಮ್ಮೆ ನೋಡಿಸುವುದು ಒಳ್ಳೆಯದು.

ಹಲವು ವರ್ಷ ಈ ರೋಗವಿದ್ದವರ ಕತ್ತಿನ ಮೇಲ್ಭಾಗದ ಕೀಲು ಸಡಿಲಾಗಿರುವ ಸಾಧ್ಯತೆಯಿದೆ. ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹೋಗುವವರಿಗೆ ಆ ದಾರಿಯ ಕುಲುಕಾಟ ಗೊತ್ತು. ಕತ್ತುನೋವು, ಕೈಕಾಲು ಜೋಮು ಇರುವವರು ಆ ಪ್ರಯಾಣವನ್ನು ಕೈಬಿಡಬೇಕು. ಬೇರೆ ಯಾವ ಶಸ್ತ್ರಚಿಕಿತ್ಸೆಗೆ ಹೋದರೂ ಅರಿವಳಿಕೆ ಕೊಡುವ ವೈದ್ಯರಿಗೆ ಈ ಕಾಯಿಲೆಯಿರುವುದನ್ನು ಮೊದಲೇ ಹೇಳಬೇಕು.

ಕೊನೆಯದಾಗಿ ಜ್ವರದ ಮಾತು. ಈ ಔಷಧಗಳು ರೋಗನಿರೋಧಕ ಶಕ್ತಿಯನ್ನು ಸ್ವಲ್ಪ ತಗ್ಗಿಸುತ್ತವೆ. ನಮ್ಮ ಸೀಮೆಯಲ್ಲಿ ಮಳೆಗಾಲದ ಇಲಿಜ್ವರವೂ ಡೆಂಗಿಯೂ ಇವೆ, ಬೇಸಗೆಗೆ ಕಾಡಂಚಿನಲ್ಲಿ ಮಂಗನ ಕಾಯಿಲೆಯಿದೆ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಜ್ವರ ಬಂದರೆ ಆ ವಾರದ ಮಾತ್ರೆಯನ್ನು ನುಂಗುವ ಮುನ್ನ ವೈದ್ಯರನ್ನು ಕೇಳಬೇಕು. ಗದ್ದೆಗೆ ಇಳಿಯುವವರು ಕಾಲಿನ ಗಾಯವನ್ನು ಮುಚ್ಚಿಕೊಂಡು ಇಳಿಯಲಿ. ಉಳಿದ ಕೀಲುಗಳೆಲ್ಲ ಶಾಂತವಾಗಿದ್ದು ಒಂದೇ ಒಂದು ಕೀಲು ಹಠಾತ್ತನೆ ಕೆಂಪಗೆ ಊದಿ, ಚಳಿಜ್ವರವೂ ಬಂದರೆ ಅದು ರೋಗ ಕೆರಳಿದುದಲ್ಲ, ಕೀಲಿನೊಳಗೆ ಕೀವು ಕಟ್ಟಿರಬಹುದು. ಅಂದೇ, ರಾತ್ರಿಯಾಗಿದ್ದರೂ, ಆಸ್ಪತ್ರೆಗೆ ಹೋಗಬೇಕು.